ಸುಕ್ರಜ್ಜಿಯ ಹಾಡು, ಸಾರಾಯಿ ಕೊಟ್ಟೆಯ ಲೆಕ್ಕ

ಪ್ರಶ್ನೆ: ನಾನು ಶಿರಸಿ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಈ ವರ್ಷದ ಗ್ಯಾದರಿಂಗಿಗೆ ಮಕ್ಕಳಿಂದ ಪದ್ಮಶ್ರೀ ಸುಕ್ರಿ ಬೊಮ್ಮಗೌಡರ ಬಗ್ಗೆ ಅರ್ಧ ಗಂಟೆಯ ನಾಟಕ ಆಡಿಸಬೇಕು ಎಂದುಕೊಂಡಿದ್ದೇನೆ. ಅವರ ಹಾಡಿನ ಬಗ್ಗೆ ಓದಲು ಬೇಕಾದಷ್ಟು ಸಿಕ್ಕಿತು. ಆದರೆ ಎಲ್ಲ ಕಡೆ ಕೊನೆಯಲ್ಲಿ ಒಂದೇ ಸಾಲು: ಸಾರಾಯಿ ವಿರುದ್ಧವೂ ಹೋರಾಡಿದ್ದರು ಅಂತ. ಆ ಹೋರಾಟ ಏನು? ಯಾಕೆ ಮಾಡಿದರು? ಅದರಿಂದ ಏನಾದರೂ ಆಯಿತಾ? ನಾಟಕದಲ್ಲಿ ಅದನ್ನು ತೋರಿಸುವುದು ಹೇಗೆ? ನಮ್ಮ ಮಕ್ಕಳಲ್ಲಿ ಕೆಲವರ ಮನೆಯಲ್ಲೂ ಕುಡಿತದ ಕಷ್ಟ ಇದೆ. ಅದಕ್ಕೇ ಸ್ವಲ್ಪ ಹೆದರಿಕೆ.

ಉತ್ತರ: ಅಕ್ಕೋರೆ, ಎಲ್ಲರೂ ಓದಿ ದಾಟಿ ಹೋಗುವ ಆ ಒಂದು ಸಾಲಿನ ಹತ್ತಿರ ನೀವು ನಿಂತಿರಲ್ಲ, ಅದೇ ಖುಷಿ. ನಾನು ಮೂವತ್ತು ವರ್ಷ ಈ ಕರಾವಳಿಯ ಹಳ್ಳಿಗಳಲ್ಲಿ ಮಹಿಳಾ ಸಂಘಗಳ ಜೊತೆ ಓಡಾಡಿದವಳು. ಸುಕ್ರಜ್ಜಿ ತೀರಿಕೊಂಡಾಗ ಬಂದ ಬರಹಗಳಲ್ಲೂ ಹಾಡು ಮುಂದೆ, ಸಾರಾಯಿ ಹಿಂದೆ. ನನಗೆ ಅದು ಸರಿ ಕಾಣಲಿಲ್ಲ. ಹಾಡುಗಾರ್ತಿ ಒಬ್ಬಳು, ಹೋರಾಟಗಾರ್ತಿ ಇನ್ನೊಬ್ಬಳು ಅಂತ ಇರಲಿಲ್ಲ. ಹಾಡಿ ಹಾಡಿ ಊರಲ್ಲಿ ಗಳಿಸಿದ ಮರ್ಯಾದೆಯನ್ನು ಅವರು ಸಾರಾಯಿ ವಿರುದ್ಧ ಖರ್ಚು ಮಾಡಿದರು. ನಿಮ್ಮ ನಾಟಕದ ಕತೆ ಇದೇ ಆಗಲಿ ಅನ್ನುವುದು ನನ್ನ ಆಸೆ.

ಅವರ ಬದುಕನ್ನು ಬೇಗ ಹೇಳಿಬಿಡುತ್ತೇನೆ, ನೀವು ಓದಿದ್ದೀರಿ. ಉತ್ತರ ಕನ್ನಡ ಜಿಲ್ಲೆ, ಅಂಕೋಲಾ ತಾಲ್ಲೂಕಿನ ಬಡಗೇರಿ. ಈ ಕರಾವಳಿಯ ಬುಡಕಟ್ಟು ಜನಾಂಗವಾದ ಹಾಲಕ್ಕಿ ಒಕ್ಕಲಿಗರ ಮನೆ. ಹುಟ್ಟಿದ್ದು 1937ರ ಸುಮಾರಿಗೆ. ಶಾಲೆ ಇಲ್ಲ, ಅವ್ವನೇ ಶಾಲೆ. ಹಾಡು ಬಂದಿದ್ದೆಲ್ಲ ಅವ್ವನ ಬಾಯಿಂದ. ಹದಿನಾರರ ಆಸುಪಾಸಿನಲ್ಲಿ ಮದುವೆ. ಹೆತ್ತ ಇಬ್ಬರು ಮಕ್ಕಳು ಉಳಿಯಲಿಲ್ಲ. ಆಮೇಲೆ ಒಬ್ಬ ಮಗನನ್ನು ದತ್ತು ತಗೊಂಡು ಸಾಕಿದರು. ಆಕಾಶವಾಣಿಯವರು ಹಾಡು ಮುದ್ರಿಸಿಕೊಂಡರು, ಜಾನಪದ ವಿದ್ವಾಂಸರು ಬರೆದುಕೊಂಡರು. ರಾಜ್ಯೋತ್ಸವ ಪ್ರಶಸ್ತಿ, ಜಾನಪದ ಶ್ರೀ, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2017ರಲ್ಲಿ ಪದ್ಮಶ್ರೀ. 2025ರ ಫೆಬ್ರವರಿ 13ರಂದು, 88ರ ವಯಸ್ಸಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ತಿಂಗಳ ಮೊದಲಷ್ಟೇ ಅದೇ ತಾಲ್ಲೂಕಿನ, ಅದೇ ಜನಾಂಗದ ತುಳಸಿ ಗೌಡ ಹೋಗಿದ್ದರು. ಒಬ್ಬರು ಗಿಡ ನೆಟ್ಟವರು, ಒಬ್ಬರು ಹಾಡು ಉಳಿಸಿದವರು. ಒಂದೇ ತಾಲ್ಲೂಕಿಗೆ ಇಬ್ಬರು ಪದ್ಮಶ್ರೀ ಅಜ್ಜಿಯರು. ಬೇರೆ ಎಲ್ಲಾದರೂ ಹೀಗಿದೆಯಾ, ನೋಡಬೇಕು.

ಆ ದತ್ತು ಮಗ ಕುಡಿತಕ್ಕೆ ಬಲಿಯಾದ. ಹೋರಾಟ ಶುರುವಾಗಿದ್ದು ಇಲ್ಲಿಂದ, ಯಾರದೋ ಭಾಷಣದಿಂದ ಅಲ್ಲ. ಹೆತ್ತಿದ್ದು ಉಳಿಯಲಿಲ್ಲ, ಸಾಕಿದ್ದನ್ನು ಸಾರಾಯಿ ತಗೊಂಡು ಹೋಯಿತು. ಈ ಮಾತನ್ನು ನಾಟಕದಲ್ಲಿ ಯಾರ ಬಾಯಲ್ಲೂ ಹೇಳಿಸಬೇಡಿ. ನೋಡುವವರಿಗೆ ತಾನಾಗಿ ಗೊತ್ತಾಗಬೇಕು.

ಈಗ ಸಾರಾಯಿ ಅಂದರೆ ಏನಿತ್ತು ಅಂತ ನಿಮ್ಮ ಮಕ್ಕಳಿಗೆ ಹೇಳಬೇಕು. ಅವರು ನೋಡಿಲ್ಲ. ಈಗಿನ ವೈನ್‌ಶಾಪಿನ ಚಿತ್ರ ತಲೆಯಲ್ಲಿ ಇಟ್ಟುಕೊಂಡರೆ ಈ ಕತೆ ಅರ್ಥ ಆಗುವುದಿಲ್ಲ. ಆಗ ನಮ್ಮ ಕಡೆ ಅದನ್ನು ಕೊಟ್ಟೆ ಅಂತಲೇ ಕರೆಯುತ್ತಿದ್ದರು. ಅಂಗೈಯಲ್ಲಿ ಮುಚ್ಚಿಕೊಳ್ಳಬಹುದಾದ ಪುಟ್ಟ ಪ್ಲಾಸ್ಟಿಕ್ ಪ್ಯಾಕೆಟ್. ಕತ್ತರಿ ಬೇಡ, ಲೋಟ ಬೇಡ. ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು, ಪಕ್ಕಕ್ಕೆ ತುಪ್ಪಿ, ತಲೆ ಮೇಲೆತ್ತಿ ಒಂದೇ ಗುಟುಕಿಗೆ ಒಳಗೆ. ಖಾಲಿ ಕೊಟ್ಟೆ ಗದ್ದೆಯ ಅಂಚಿಗೆ. ಮಳೆಗಾಲ ಮುಗಿದ ಮೇಲೆ ಗದ್ದೆ ಬದಿಯ ಕಾಲುವೆ ಕೆರೆದರೆ ಕೆಸರಿನ ಜೊತೆ ಬುಟ್ಟಿಗಟ್ಟಲೆ ಕೊಟ್ಟೆ ಬರುತ್ತಿತ್ತು. ದನ ತಿಂದು ಸತ್ತದ್ದೂ ಉಂಟು.

ಇದೇನು ಕದ್ದು ಮಾರುವ ಮಾಲಲ್ಲ, ಸರ್ಕಾರದ್ದೇ. ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಹರಾಜಿನಲ್ಲಿ ಹಿಡಿದ ಅಬಕಾರಿ ಗುತ್ತಿಗೆದಾರ ಕೊಟ್ಟ ದುಡ್ಡನ್ನು ಅವಧಿ ಮುಗಿಯುವುದರೊಳಗೆ ಎತ್ತಬೇಕು. ಹಾಗಾಗಿ ಪೇಟೆಯ ಅಂಗಡಿ ಅವನಿಗೆ ಸಾಲುವುದಿಲ್ಲ. ಗೂಡಂಗಡಿ, ಚಾ ಅಂಗಡಿ, ಕೊನೆಗೆ ಯಾರದೋ ಮನೆಯ ಹಿತ್ತಲು, ಎಲ್ಲ ಕಡೆ ಚೀಲ ಇಳಿಯುತ್ತಿತ್ತು. ಕೈಯಲ್ಲಿ ದುಡ್ಡಿಲ್ಲ ಅಂದರೂ ಚಿಂತೆ ಇಲ್ಲ, ಉದ್ರಿ ಬರೆದುಕೊಳ್ಳುತ್ತಿದ್ದರು. ಉದ್ರಿ ತೀರಿಸುವುದು ಯಾರು? ಅದೇ ಮುಖ್ಯ.

ಹಾಲಕ್ಕಿ ಹೆಂಗಸರನ್ನು ನೀವು ಅಂಕೋಲಾ, ಕುಮಟಾ, ಗೋಕರ್ಣದ ಪೇಟೆಯಲ್ಲಿ ನೋಡಿರುತ್ತೀರಿ. ಕುತ್ತಿಗೆ ತುಂಬ ಕರಿಮಣಿ ಸರ, ಮುಂದೆ ಬುಟ್ಟಿ. ಬುಟ್ಟಿಯಲ್ಲಿ ಹರಿವೆ, ಬಸಳೆ, ಬದನೆ, ಬೇಸಿಗೆಯಲ್ಲಿ ಕರಿ ಈಶಾಡು ಮಾವು. ಬೆಳಗಿನ ಜಾವ ಸೊಪ್ಪು ಕೊಯ್ದು, ಕಟ್ಟು ಕಟ್ಟಿ, ತಲೆ ಮೇಲೆ ಹೊತ್ತು ಬಂದಿರುತ್ತಾರೆ. ಮಧ್ಯಾಹ್ನ ಬುಟ್ಟಿ ಖಾಲಿ, ಸೆರಗಿನ ತುದಿಯಲ್ಲಿ ಒಂದು ಗಂಟು. ನಮ್ಮಲ್ಲಿ ದಿನಾ ಚಿಲ್ಲರೆ ಕಾಸು ಕಾಣುವ ಬಡ ಹೆಂಗಸರು ಅಂದರೆ ಮೀನು ಮಾರುವವರು ಮತ್ತು ಇವರು. ಕೊಟ್ಟೆಯವನ ಕಣ್ಣು ಆ ಗಂಟಿನ ಮೇಲೆ. ಗಂಡ ಕುಡಿದ ಉದ್ರಿಯನ್ನು ಅಂಗಡಿಯವನು ಹೆಂಡತಿಯ ಹತ್ತಿರ ಕೇಳುತ್ತಾನೆ. ಅದೂ ಪೇಟೆಯಿಂದ ಮನೆಗೆ ಹೋಗುವ ದಾರಿಯಲ್ಲಿ, ನಾಲ್ಕು ಜನರ ಎದುರಿಗೆ. ನಾಚಿಕೆಗಾದರೂ ಕೊಡುತ್ತಾಳೆ, ಅಲ್ವಾ? ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಂಟು ಬಿಚ್ಚುವಾಗ ಆಕೆ ಅಂಗಡಿಯವನ ಮುಖ ನೋಡಲಿಲ್ಲ. ನೆಲ ನೋಡುತ್ತಾ ಒಂದೊಂದೇ ನೋಟು ಎಣಿಸಿ ಇಟ್ಟಳು. ಮನೆಯಲ್ಲಿ ಅಕ್ಕಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು.

ಇಂಥ ಊರುಗಳಲ್ಲಿ ಹೆಂಗಸರು ಸಾರಾಯಿ ಬೇಡ ಅನ್ನಬೇಕಾದರೆ ಎಲ್ಲಿ ಹೋಗಿ ಹೇಳಬೇಕು? ಹಾಲಕ್ಕಿಗಳಲ್ಲಿ ಹಳೆಯ ಕಟ್ಟುಪಾಡು ಇದೆ. ಊರಿಗೊಬ್ಬ ಗೌಡ, ಅವನಿಗೆ ಸಲಹೆ ಕೊಡಲು ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಜಗಳ, ದಂಡ, ಮದುವೆಯ ಮಾತು ಎಲ್ಲ ಅಲ್ಲೇ ತೀರ್ಮಾನ. ಬಹಳ ಚಂದದ ವ್ಯವಸ್ಥೆ ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ಇರಬಹುದು. ಆದರೆ ಆ ಮೂರೂ ಜಾಗ ಗಂಡಸರದ್ದು. ಕುಡಿಯುವವರೂ ಗಂಡಸರೇ. ಕೂಟದಲ್ಲಿ ಹೆಂಗಸಿನ ದೂರಿಗೆ ಎಷ್ಟು ಬೆಲೆ ಸಿಕ್ಕೀತು, ನೀವೇ ಯೋಚಿಸಿ.

ಹೆಂಗಸರಿಗೆ ಅಲ್ಲಿ ಬೇರೆ ಒಂದು ಜಾಗ ಇತ್ತು. ಅದು ಹಾಡು. ಮದುವೆಯಲ್ಲಿ ಅಕ್ಕಿ ಆರಿಸುವಾಗ ಹಾಡು, ಹೆಣ್ಣು ಒಪ್ಪಿಸುವಾಗ ಹಾಡು, ನೆಟ್ಟಿಗೆ ಹಾಡು, ಹಬ್ಬಕ್ಕೆ ತಾರ್ಲೆ. ಗುಮಟೆ ಬಡಿದು ಸುಗ್ಗಿ ಕುಣಿಯುವುದು ಗಂಡಸರಾದರೆ, ಮನೆಯೊಳಗಿನ ಶಾಸ್ತ್ರ ಪೂರಾ ನಡೆಯುವುದು ಹೆಂಗಸರ ದನಿಯ ಮೇಲೆ. ಮುಂದಾಳಾಗಿ ಹಾಡುವವಳನ್ನು ಕರೆಯದೆ ಮದುವೆ ಆಗುವುದಿಲ್ಲ. ಅವಳಿಗೆ ಎಲ್ಲ ಮನೆಯ ಒಳಕೋಣೆಯೂ ಗೊತ್ತು. ಈ ಹುಡುಗ ಮದುಮಗನಾಗಿ ಕೂತಾಗ ಎದುರು ಕೂತು ಹಾಡಿದವಳು, ಹತ್ತು ವರ್ಷದ ಮೇಲೆ ಅವನು ದಾರಿಯಲ್ಲಿ ಬಿದ್ದಿದ್ದರೆ ಬೈಯುವ ಹಕ್ಕು ಇಟ್ಟುಕೊಂಡಿರುತ್ತಾಳೆ. ಪೊಲೀಸರಿಗೆ ಎದುರುತ್ತರ ಕೊಡುವ ಗಂಡಸು ಇಂಥ ಅಜ್ಜಿಗೆ ತಲೆ ತಗ್ಗಿಸುತ್ತಾನೆ. ಸುಕ್ರಜ್ಜಿ ಕೂಟದ ಅಪ್ಪಣೆಗೆ ಕಾಯಬೇಕಾಗಿರಲಿಲ್ಲ. ಅವರ ದನಿಗೆ ಊರು ಮೊದಲೇ ಕಿವಿ ಕೊಟ್ಟಿತ್ತು. ಇದು ನನ್ನ ಓದು. ಒಪ್ಪದವರೂ ಇದ್ದಾರೆ, ಇರಲಿ.

1990ರ ದಶಕದಲ್ಲಿ ಅಂಕೋಲೆಯ ಸುತ್ತ ಸಾರಾಯಿ ವಿರುದ್ಧ ಹೆಂಗಸರು ಒಟ್ಟಾದಾಗ ಸುಕ್ರಜ್ಜಿ ಮುಂದಿನ ಸಾಲಿನಲ್ಲಿದ್ದರು. ಜೊತೆಗೆ ಡಾ. ಕುಸುಮಾ ಸೊರಬ. ಈ ಹೆಸರನ್ನು ನಿಮ್ಮ ಮಕ್ಕಳು ಕೇಳಿರಲಿಕ್ಕಿಲ್ಲ, ದಯವಿಟ್ಟು ಹೇಳಿ. ಹೊನ್ನಾವರದ ಕಾಸರಕೋಡಿನಲ್ಲಿ ಸ್ನೇಹಕುಂಜ ಎಂಬ ಸೇವಾಸಂಸ್ಥೆ ಕಟ್ಟಿದ ವೈದ್ಯೆ. ಕೈಗಾ ಅಣುಸ್ಥಾವರದ ವಿರುದ್ಧ ನಡೆದ ಚಳವಳಿಯಲ್ಲೂ ಅವರು ಮುಂದೆ ಇದ್ದವರು. 1998ರಲ್ಲಿ ರಸ್ತೆ ಅಪಘಾತದಲ್ಲಿ ಹೋಗಿಬಿಟ್ಟರು. ಓದಿದ ಡಾಕ್ಟರಮ್ಮ, ಓದದ ಹಾಲಕ್ಕಿ ಹೆಂಗಸು. ಒಬ್ಬರಿಗೆ ಅರ್ಜಿ ಬರೆಯುವುದು, ಅಧಿಕಾರಿಗಳನ್ನು ಕಾಣುವುದು ಗೊತ್ತು. ಇನ್ನೊಬ್ಬರಿಗೆ ಯಾವ ಮನೆಯ ಹಿತ್ತಲಲ್ಲಿ ಚೀಲ ಇಳಿದಿದೆ ಅಂತ ಗೊತ್ತು. ಸಾರಾಯಿ ಚಳವಳಿಗೆ ಎರಡೂ ಬೇಕು. ಬರೀ ಅರ್ಜಿಯಿಂದ ಅಂಗಡಿ ಮುಚ್ಚುವುದಿಲ್ಲ. ಬರೀ ಗಲಾಟೆಯಿಂದ ಮುಚ್ಚಿದ ಅಂಗಡಿ ಮೂರು ದಿನಕ್ಕೆ ಮತ್ತೆ ತೆರೆಯುತ್ತದೆ.

ಅದೇ ಹೊತ್ತಿಗೆ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲೂ ಬೆಂಕಿ ಹತ್ತಿತ್ತು. ದೂಬಗುಂಟ ಎಂಬ ಹಳ್ಳಿಯಲ್ಲಿ ರಾತ್ರಿ ಅಕ್ಷರ ಕಲಿಯಲು ಬಂದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಿದ ಪಾಠ ಓದಿದರು, ನಾವೂ ಯಾಕೆ ಮಾಡಬಾರದು ಅಂತ ಎದ್ದರು. ಮುಂದೆ ನಿಂತವಳು ರೋಸಮ್ಮ. 1992ರಲ್ಲಿ ಅದು ಊರಿಂದ ಊರಿಗೆ ಹಬ್ಬಿತು. 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಲ್ಲಿಸಿತು, 1995ರಲ್ಲಿ ಎನ್‌.ಟಿ. ರಾಮರಾವ್ ಪೂರ್ತಿ ಪಾನನಿಷೇಧ ತಂದರು, 1997ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ಅದನ್ನು ಸಡಿಲಿಸಿತು. ನೆಲ್ಲೂರಿನ ಕತೆ ದೇಶಕ್ಕೆಲ್ಲ ಗೊತ್ತು, ಪಠ್ಯದಲ್ಲೂ ಬಂದಿತ್ತು. ಬಡಗೇರಿಯದ್ದು ಜಿಲ್ಲೆಯ ಆಚೆಗೆ ಹೋಗಲಿಲ್ಲ. ದೊಡ್ಡದಾಗಿತ್ತಾ ಅಂತ ಯಾರಾದರೂ ಕೇಳಿದರೆ ಅಳತೆಗೋಲು ಯಾವುದು ಅಂತ ಮೊದಲು ಕೇಳಿ. ಕುಡಿತದ ಚಳವಳಿ ಯಾವಾಗಲೂ ಒಂದು ಕೇರಿಯಷ್ಟೇ ಇರುತ್ತದೆ. ಅಂಥ ನೂರು ಕೇರಿ ಸೇರಿದರೆ ನೆಲ್ಲೂರು.

ನಮ್ಮ ಜಿಲ್ಲೆಗೆ ಇದು ಹೊಸದೂ ಅಲ್ಲ. 1930ರ ಏಪ್ರಿಲ್ 10ರಂದು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಭಾರತದ ಹೆಂಗಸರಿಗೆ ಬರೆದರು. ಉಪ್ಪು ಗಂಡಸರು ಮಾಡಲಿ, ಹೆಂಡದಂಗಡಿ ಮತ್ತು ಪರದೇಶಿ ಬಟ್ಟೆ ಅಂಗಡಿಯ ಮುಂದೆ ಪಿಕೆಟಿಂಗ್ ಮಾಡುವ ಕೆಲಸ ನಿಮ್ಮದು ಅನ್ನುವುದು ಅದರ ತಾತ್ಪರ್ಯ. ಕುಡುಕನ ಹೆಂಡತಿಗೆ ಗೊತ್ತಿರುವಷ್ಟು ಈ ನೋವು ಬೇರೆ ಯಾರಿಗೂ ಗೊತ್ತಿಲ್ಲ ಅಂತ ಅವರ ಲೆಕ್ಕ. ಅದೇ ತಿಂಗಳು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ. ಎರಡು ವರ್ಷದ ಮೇಲೆ ಅಂಕೋಲಾ, ಸಿದ್ದಾಪುರದಲ್ಲಿ ಕರನಿರಾಕರಣೆ. ನಿಮ್ಮ ಘಟ್ಟದ ಮೇಲಿನ ಹೆಂಗಸರೂ ಆಗ ಮಾವಿನಗುಂಡಿಯಲ್ಲಿ ಸತ್ಯಾಗ್ರಹ ಮಾಡಿದ್ದರು, ಶಿರಸಿಯ ಯಾವುದೇ ಹಿರಿಯರನ್ನು ಕೇಳಿ, ಹೇಳುತ್ತಾರೆ.

ಆಮೇಲೆ ಒಂದು ತಮಾಷೆ ನಡೆಯಿತು. ನಮ್ಮ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1950ರಲ್ಲಿ ಮೊರಾರ್ಜಿ ದೇಸಾಯಿಯವರ ಕಾಲದ ಕಟ್ಟುನಿಟ್ಟಿನ ಪಾನನಿಷೇಧ ಕಾರವಾರಕ್ಕೂ ಬಂತು. ಆದರೆ ಮಾಜಾಳಿ ದಾಟಿದರೆ ಪೋರ್ಚುಗೀಸರ ಗೋವಾ. ಅಲ್ಲಿ ಗೇರುಹಣ್ಣಿನ ಫೆನಿ ಹೊಳೆಯಂತೆ ಹರಿಯುತ್ತಿತ್ತು. ಈ ಕಡೆ ಕುಡಿದರೆ ಜೈಲು, ಆ ಕಡೆ ಕುಡಿದರೆ ಊಟದ ಭಾಗ. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದೆವು. 1960ರ ದಶಕ ಮುಗಿಯುವ ಹೊತ್ತಿಗೆ ರಾಜ್ಯ ಪಾನನಿಷೇಧ ಕೈಬಿಟ್ಟಿತು, ಸಾರಾಯಿಯ ಹರಾಜು ಬಂತು. ಗಡಿ ಮಾತ್ರ ಹಾಗೇ ಇದೆ. ಈಗಲೂ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾ ಮದ್ಯ ಹಿಡಿದ ಸುದ್ದಿ ಪೇಪರಿನಲ್ಲಿ ಬರದ ವಾರ ಕಡಿಮೆ. ಕರಾವಳಿಯಲ್ಲಿ ಕುಡಿತದ ವಿರುದ್ಧ ಕೆಲಸ ಮಾಡುವವರಿಗೆ ಇದು ಖಾಯಂ ತಲೆನೋವು. ಊರಿನ ಅಂಗಡಿ ಮುಚ್ಚಿಸಬಹುದು, ಗೋವಾ ಮುಚ್ಚಿಸಲಿಕ್ಕಾಗುತ್ತದಾ?

ಇನ್ನು ಅದರಿಂದ ಏನಾಯಿತು ಅಂತ ಕೇಳಿದಿರಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯಿತು. ಆಗ ಕುಮಾರಸ್ವಾಮಿ ಮುಖ್ಯಮಂತ್ರಿ, ಬಜೆಟ್ಟಿನಲ್ಲಿ ಘೋಷಿಸಿದ್ದು ಯಡಿಯೂರಪ್ಪ. ರಾಜ್ಯದ ಎಲ್ಲ ಮೂಲೆಯಲ್ಲಿ ಹೆಂಗಸರು ವರ್ಷಗಟ್ಟಲೆ ಕೂಗಿದ್ದು ಅದರ ಹಿಂದೆ ಇತ್ತು. ಸುಕ್ರಜ್ಜಿಯ ದನಿಯೂ ಅದರಲ್ಲಿ ಒಂದು. ಅವರೊಬ್ಬರಿಂದಲೇ ಆಯಿತು ಅಂತ ನಾಟಕದಲ್ಲಿ ತೋರಿಸಿದರೆ ಸುಳ್ಳಾಗುತ್ತದೆ. ಅವರಿಗೇನೂ ಸಂಬಂಧವಿಲ್ಲ ಅಂದರೂ ಸುಳ್ಳೇ.

ಕೊಟ್ಟೆ ಹೋಯಿತು. ಕುಡಿತ ಹೋಗಲಿಲ್ಲ. ಆರೇ ತಿಂಗಳಲ್ಲಿ ಅದೇ ಗೂಡಂಗಡಿಯ ಅದೇ ಡಬ್ಬದಲ್ಲಿ ಅಗ್ಗದ ವಿಸ್ಕಿಯ ಸಣ್ಣ ಪ್ಯಾಕ್ ಬಂದು ಕೂತವು. ಮಕ್ಕಳು ಕುಡಿಯುವ ಮಾವಿನ ರಸದ ಡಬ್ಬಿ ಇದೆಯಲ್ಲ, ಥೇಟ್ ಹಾಗೇ. ಕೊಟ್ಟೆಗಿಂತ ತುಟ್ಟಿ ಬೇರೆ. ಕಳ್ಳಬಟ್ಟಿಯವರಿಗೂ ಸುಗ್ಗಿ. 2008ರ ಮೇ ತಿಂಗಳಲ್ಲಿ, ನಿಷೇಧಕ್ಕೆ ವರ್ಷ ತುಂಬುವ ಮೊದಲೇ, ಬೆಂಗಳೂರಿನ ಸುತ್ತಮುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಜಾಸ್ತಿ ಜನ ಸತ್ತರು. ಇದನ್ನು ತೋರಿಸಿ, ನಿಷೇಧವೇ ತಪ್ಪು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯ ಹಿತ್ತಲಿಗೆ ಚೀಲ ಇಳಿಸಿ ಉದ್ರಿ ಬರೆಯುವ ಆ ಗುತ್ತಿಗೆಯ ಜಾಲ ಮುರಿದದ್ದು ಸಣ್ಣ ಮಾತಲ್ಲ. ಆದರೆ ಸರ್ಕಾರದ ಒಂದು ಕೈ ನಿಷೇಧಿಸಿದರೆ ಇನ್ನೊಂದು ಕೈ ಮಾರುತ್ತದೆ. ಸಂವಿಧಾನದ 47ನೇ ವಿಧಿ ಮದ್ಯ ನಿಷೇಧಕ್ಕೆ ಪ್ರಯತ್ನಿಸಿ ಅನ್ನುತ್ತದೆ. 2024-25ರ ರಾಜ್ಯ ಬಜೆಟ್ಟು ಅಬಕಾರಿಯಿಂದ 38,525 ಕೋಟಿ ರೂಪಾಯಿ ತನ್ನಿ ಅಂದಿತ್ತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಬಂದರು. ಚಪ್ಪಲಿ ಸವೆಯಿತು, ಅಷ್ಟೇ.

ಸುಕ್ರಜ್ಜಿ ಪದ್ಮಶ್ರೀ ಬಂದ ಮೇಲೆ ಸುಮ್ನೆ ಹಾಡಿಕೊಂಡು ಇರಬಹುದಿತ್ತು. ಇರಲಿಲ್ಲ. ತಮ್ಮ ಜನಕ್ಕೆ ಪರಿಶಿಷ್ಟ ಪಂಗಡದ ಸ್ಥಾನ ಕೊಡಿ ಅಂತ ಕೇಳುವುದನ್ನೂ ಬಿಡಲಿಲ್ಲ, ಕುಡಿತದ ಮಾತನ್ನೂ ಬಿಡಲಿಲ್ಲ. ಮೊದಲನೆಯದು ಅವರು ಹೋಗುವವರೆಗೂ ಸಿಗಲಿಲ್ಲ.

ಈಗ ನಾಟಕ. ನಿಮ್ಮ ತಲೆಯಲ್ಲಿ ಏನಿದೆ ಅಂತ ಊಹಿಸಬಲ್ಲೆ: ಹೆಂಗಸರು ಪೊರಕೆ ಹಿಡಿದು ಬರುತ್ತಾರೆ, ಅಂಗಡಿ ಪುಡಿ ಪುಡಿ, ಚಪ್ಪಾಳೆ. ಅದು ಬೇಡ ಅನ್ನುವುದಿಲ್ಲ, ಕೊನೆಗೆ ಎರಡು ನಿಮಿಷ ಇರಲಿ. ಆದರೆ ನಾನು ಕಂಡಂತೆ ಅಂಗಡಿ ಮುಚ್ಚುವುದು ಅಲ್ಲಲ್ಲ. ಹೆಂಗಸರು ಲೆಕ್ಕ ಹಾಕುವ ರಾತ್ರಿ.

ಒಂದು ಕೊಪ್ಪದಲ್ಲಿ, ಅಂದರೆ ಹಾಲಕ್ಕಿಗಳ ಕೇರಿಯಲ್ಲಿ, ನಡೆದದ್ದು ಹೇಳುತ್ತೇನೆ. ಹೆಸರು ಬೇಡ. ಅಲ್ಲಿ ಯಾರಿಗೂ ಬರೆಯಲು ಬರುತ್ತಿರಲಿಲ್ಲ. ಒಬ್ಬ ಅಜ್ಜಿ ಮೊರದಲ್ಲಿ ಹುಣಸೆ ಬೀಜ ತಂದು ನಡುವೆ ಇಟ್ಟರು. ಮನೆಯಲ್ಲಿ ದಿನಕ್ಕೆ ಎಷ್ಟು ಕೊಟ್ಟೆಯೋ ಅಷ್ಟು ಬೀಜ ನಿಮ್ಮ ಮುಂದೆ ಇಟ್ಟುಕೊಳ್ಳಿ ಅಂದೆ. ಮೊದಲು ಯಾರೂ ಮುಟ್ಟಲಿಲ್ಲ. ಕವಳದ ಸಂಚಿ ಅತ್ತಿತ್ತ ಹೋಯಿತು, ಒಂದು ಮಗು ಅತ್ತಿತು. ಆಮೇಲೆ ಒಬ್ಬಳು ಎರಡು ಬೀಜ ತಗೊಂಡಳು. ಪಕ್ಕದವಳು ನಕ್ಕು, ಎರಡಲ್ಲ, ನಾಲ್ಕು ತಗೋ, ನಮ್ಮ ಗೋಡೆಗೆಲ್ಲ ಕೇಳುತ್ತದೆ ಅಂದಳು. ಎಲ್ಲರೂ ನಕ್ಕರು. ನಗುತ್ತಲೇ ಬೀಜ ಎತ್ತಿಕೊಂಡರು. ತಿಂಗಳ ಲೆಕ್ಕಕ್ಕೆ ಬರುವಾಗ ಮೊರ ಖಾಲಿ, ಒಳಗಿಂದ ಇನ್ನೊಂದು ಪಾತ್ರೆ ಬೀಜ ತರಬೇಕಾಯಿತು. ಆಗ ನಗು ನಿಂತಿತು.

ಈಗಿನ ಲೆಕ್ಕ ಬೇಕಾದರೆ ಮಕ್ಕಳಿಂದಲೇ ಹಾಕಿಸಿ. ಒಂದು ಸಣ್ಣ ಪ್ಯಾಕಿಗೆ 50 ರೂಪಾಯಿ ಎಂದು ಹಿಡಿಯಿರಿ. ದಿನಕ್ಕೆ 3 ಅಂದರೆ 150. ತಿಂಗಳಿಗೆ 4,500. ವರ್ಷಕ್ಕೆ 54,000. ಕೂಲಿ ತಪ್ಪಿಸಿದ ದಿನ ಇದರಲ್ಲಿ ಬರಲಿಲ್ಲ, ಆಸ್ಪತ್ರೆಯ ಖರ್ಚೂ ಬರಲಿಲ್ಲ. ರಂಗದ ಮೇಲೆ ಒಬ್ಬಳು ಹುಡುಗಿ ಮೊರದಿಂದ ಬೀಜ ಸುರಿದರೆ ಸಾಕು, ಆ ಸದ್ದೇ ಮಾತಾಡುತ್ತದೆ. ಮೈಕನ್ನು ಮೊರದ ಹತ್ತಿರ ಇಡಿ.

ಇನ್ನೊಂದು ಮಾತು, ಇದು ನಾಟಕಕ್ಕಿಂತ ಮುಖ್ಯ. ನಾಟಕ ನೋಡಿ ಉತ್ಸಾಹದಲ್ಲಿ ಯಾವುದಾದರೂ ಮಗು ಮನೆಗೆ ಹೋಗಿ, ಅಪ್ಪ ಇವತ್ತಿನಿಂದಲೇ ಪೂರ್ತಿ ಬಿಡಬೇಕು ಅಂತ ಹಟ ಹಿಡಿಯಬಹುದು. ನಾನೇ ಒಮ್ಮೆ ಈ ತಪ್ಪು ಮಾಡಿದ್ದೇನೆ. ಶುರುವಿನ ವರ್ಷಗಳು, ಗೊತ್ತಿರಲಿಲ್ಲ. ದಿನಾ ಬೆಳಗಿಂದ ಕುಡಿಯುತ್ತಿದ್ದ ಒಬ್ಬರನ್ನು ಮನೆಯವರೆಲ್ಲ ಸೇರಿ ಒಂದೇ ಸಲ ನಿಲ್ಲಿಸಿದರು. ನಾನೇ ಬೆನ್ನು ತಟ್ಟಿದ್ದೆ. ಮರುದಿನ ಕೈ ನಡುಗಲು ಶುರುವಾಯಿತು, ಬೆವರು. ಛಲ ಬಿಡಬೇಡಿ ಅಂದೆ. ಮೂರನೆಯ ದಿನ ಗೋಡೆಯ ಮೇಲೆ ಇಲ್ಲದ ಹುಳ ಹಿಡಿಯತೊಡಗಿದರು, ಆಮೇಲೆ ಫಿಟ್ಸ್ ಬಂತು. ರಾತ್ರಿ ಜೀಪು ಹುಡುಕಿ ಆಸ್ಪತ್ರೆಗೆ ಸಾಗಿಸಿದೆವು. ಬದುಕಿದರು. ಆ ಡಾಕ್ಟರು ನನಗೆ ಬೈದದ್ದು ಇವತ್ತಿಗೂ ಕಿವಿಯಲ್ಲಿದೆ. ತುಂಬಾ ವರ್ಷ, ತುಂಬಾ ಜಾಸ್ತಿ ಕುಡಿದ ಮೈಗೆ ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಹೀಗಾಗಬಹುದು, ಜೀವವೂ ಹೋಗಬಹುದು. ಅಂಥವರನ್ನು ವೈದ್ಯರ ಕೈಗೆ ಕೊಟ್ಟೇ ಬಿಡಿಸಬೇಕು. ಔಷಧಿ ಇದೆ, ಒಂದು ವಾರದ ಕೆಲಸ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416. ಎರಡನ್ನೂ ನಾಟಕ ಮುಗಿದ ಮೇಲೆ ಹೇಳಿಸಿ, ಬೋರ್ಡಿನ ಮೇಲೂ ಬರೆಸಿ.

ನಿಮ್ಮ ಹೆದರಿಕೆ ಸರಿಯಾದದ್ದೇ. ಯಾರ ಮನೆಯಲ್ಲಿ ಕಷ್ಟ ಇದೆ ಅಂತ ನಿಮಗೆ ಗೊತ್ತಿದ್ದರೆ, ಆ ಮಗುವಿಗೆ ಕುಡುಕನ ಮಗ ಅಥವಾ ಮಗಳ ಪಾತ್ರ ಕೊಡಬೇಡಿ. ಅನುಭವ ಇದೆ, ಚೆನ್ನಾಗಿ ಮಾಡುತ್ತದೆ ಅಂತ ಅನ್ನಿಸುತ್ತದೆ. ಬೇಡ. ಅದಕ್ಕೆ ಹಾಡುವ ಗುಂಪಿನಲ್ಲಿ ಜಾಗ ಕೊಡಿ. ಕುಡುಕನನ್ನು ತೂರಾಡಿಸಿ ನಗಿಸುವುದೂ ಬೇಡ. ಸಭೆಯಲ್ಲಿ ಕೂತ ಯಾವುದೋ ಮಗು ಆ ನಗುವಿನಲ್ಲಿ ತನ್ನ ಅಪ್ಪನನ್ನು ಹುಡುಕುತ್ತಿರುತ್ತದೆ. ಕುಡುಕ ರಂಗದ ಮೇಲೆ ಬರುವುದೇ ಬೇಡ. ಬಾಗಿಲಾಚೆ ಕೆಮ್ಮು ಕೇಳಿದರೆ ಸಾಕು.

ಸುಕ್ರಜ್ಜಿಯ ಬಾಯಲ್ಲಿ ಉದ್ದ ಭಾಷಣ ಇಡಬೇಡಿ. ಅವರು ಆಡಿದ ಮಾತು ಅಂತ ನಾವು ಹುಟ್ಟಿಸಿದರೆ ಹತ್ತು ವರ್ಷದಲ್ಲಿ ಅದೇ ಇತಿಹಾಸ ಆಗಿಬಿಡುತ್ತದೆ. ನಾಟಕದ ಪಾತ್ರಕ್ಕೆ ಬೇಕಾದರೆ ಬೇರೆ ಹೆಸರಿಡಿ, ಸುಕ್ರಜ್ಜಿಯನ್ನು ಹಾಡಿನಲ್ಲಿ ಮಾತ್ರ ತನ್ನಿ. ಅವರ ದನಿಯ ಮುದ್ರಣಗಳಿವೆ. ಒಂದು ಹಾಡನ್ನು ಪೂರ್ತಿ ಕೇಳಿಸಿ, ಅರ್ಧಕ್ಕೆ ನಿಲ್ಲಿಸಬೇಡಿ. ಮಕ್ಕಳಿಗೆ ಮೊದಲ ಸಲ ಒಂದೇ ರಾಗ ಸುತ್ತುತ್ತಿದೆ ಅನ್ನಿಸುತ್ತದೆ. ಮೂರನೆಯ ಸಲ ಕೇಳುವಾಗ ಅದರೊಳಗೆ ನಡೆಯಲು ಶುರು ಮಾಡುತ್ತಾರೆ.

ವೇಷದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಬಾಡಿಗೆಯ ಪ್ಲಾಸ್ಟಿಕ್ ಮಣಿಸರ ತಂದು ಹುಡುಗಿಯರ ಕುತ್ತಿಗೆಗೆ ಸುರಿಯಬೇಡಿ. ಹಾಲಕ್ಕಿ ಹೆಂಗಸರ ಸೀರೆ ಕಟ್ಟುವುದಕ್ಕೆ ಒಂದು ಕ್ರಮ ಇದೆ. ಸೆರಗು ಭುಜದ ಮೇಲಿಂದ ಬಂದು ಗಂಟಾಗುವ ಜಾಗ ತಪ್ಪಿದರೆ ಬುಟ್ಟಿ ಹೊತ್ತು ನಡೆಯಲು ಬರುವುದಿಲ್ಲ. ಘಟ್ಟ ಇಳಿದು ಅಂಕೋಲೆಗೆ ಒಂದು ದಿನ ಬನ್ನಿ, ಇಬ್ಬರು ಮಕ್ಕಳನ್ನೂ ಕರೆದುಕೊಂಡು. ಬೆಳಿಗ್ಗೆ ಒಂಬತ್ತರ ಒಳಗೆ ಪೇಟೆಯಲ್ಲಿರಿ, ಆಮೇಲೆ ಬುಟ್ಟಿ ಖಾಲಿಯಾಗಿ ಅವರು ಹೊರಟುಬಿಡುತ್ತಾರೆ. ಮೊದಲು ಎರಡು ಕಟ್ಟು ಹರಿವೆ ಕೊಳ್ಳಿ, ಚೌಕಾಸಿ ಮಾಡಬೇಡಿ. ಆಮೇಲೆ ಸೀರೆ ಉಡುವುದು ಹೇಗಜ್ಜಿ ಅಂತ ಮಕ್ಕಳೇ ಕೇಳಲಿ.